ಸುಡಲೇಬೇಕಾದ ಸಾಲು

೧೨ ಜೂನ್ ೨೦೨೪

ನನ್ನ ಭತ್ತದ ತಳಿ ಹೆಚ್-೧೭ ಇವತ್ತು ಮೊದಲ ಬಾರಿಗೆ ರೈತರ ಹೊಲದ ಮಣ್ಣು ಮುಟ್ಟಿತು. ಹಾನಗಲ್ಲ ತಾಲೂಕಿನ ತಿಳವಳ್ಳಿ, ಗುದ್ಲೆಪ್ಪನವರ ಬಾವಿಯ ಪಕ್ಕದ ಪಟ್ಟಿ. ಶಿಗ್ಗಾವಿಯ ನಮ್ಮ ಕೇಂದ್ರದ ಹೊಲದಲ್ಲಿ ಮೊನ್ನೆಯೇ ಬಿತ್ತಿಯಾಗಿದೆ. ಎರಡೂ ಕಡೆಯ ಫಲಿತಾಂಶ ಸೇರಿಸಿ ಡಿಸೆಂಬರಿನಲ್ಲಿ ತಳಿ ಬಿಡುಗಡೆ ಸಮಿತಿಗೆ ಪ್ರಸ್ತಾವ ಕಳಿಸಬೇಕು.

ಇಂಥ ದಿನ ಇಷ್ಟನ್ನಾದರೂ ಬರೆದಿಡಬೇಕು. ಭತ್ತದ ಬೆಂಕಿ ರೋಗ ತಡೆಯುವ ಜೀನನ್ನು ಕಾಡುಭತ್ತದಲ್ಲಿ ಗುರುತಿಸಿದವಳು ನಾನು. ಅದನ್ನು ಊರ ತಳಿಗೆ ತರಲು ಹನ್ನೆರಡು ವರ್ಷ ಹಿಡಿಯಿತು. ಪ್ರತಿ ತಲೆಮಾರಿನಲ್ಲೂ ಎಲೆ ಅರೆದು, ಡಿಎನ್‌ಎ ತೆಗೆದು, ಜೀನ್ ಇರುವ ಸಸಿಯನ್ನು ಉಳಿಸಿ ಇಲ್ಲದ್ದನ್ನು ಕಿತ್ತು ಹಾಕಿದ್ದೇನೆ. ಗಾಜಿನ ಮನೆಯಲ್ಲಿ ರೋಗದ ಶಿಲೀಂಧ್ರ ಸಿಂಪಡಿಸಿದಾಗ ಹೆಚ್-೧೭ರ ಎಲೆಯ ಮೇಲೆ ಒಂದು ಚುಕ್ಕೆಯೂ ಬರಲಿಲ್ಲ. ಬೀಜದ ಚೀಲದ ಮೊಹರನ್ನು ನಾನೇ ಒಡೆದೆ.

ಸುಶೀಲವ್ವ, ಗುದ್ಲೆಪ್ಪನವರ ಹೆಂಡತಿ, ಕೂರಿಗೆಗೆ ವಿಭೂತಿ ಬಳಿದು ಹಸಿರು ಕುಪ್ಪಸದ ಬಟ್ಟೆ ಕಟ್ಟಿದ್ದರು.

“ಹೊಸಾಕಿ ಮನಿಗೆ ಬಂದಾಳ್ರಿ ಬಾಯಾರ. ದೃಷ್ಟಿ ತಗೀದ ಒಳಗ ಕರಕೊಳ್ಳಾಕ ಆಗತೈತೇನ್ರಿ?” ಅಂದರು.

ಅಷ್ಟರಲ್ಲಿ ನಮ್ಮ ನಿರ್ದೇಶಕ ರಘುವೀರ ಅವರ ಫೋನು ಬಂತು. ಪೂಜೆ ಮುಗಿಯುವವರೆಗೆ ಬದುವಿನ ಮೇಲೆ ನಿಂತು ಮಾತಾಡಿದೆ. ಬಿತ್ತನೆ ಪೂರ್ವದ ಬದುವಿನಿಂದ ಶುರುವಾಯಿತು. ಗುದ್ಲೆಪ್ಪ ಎತ್ತು ಹೊಡೆದರು, ಸುಶೀಲವ್ವ ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಹಿಡಿಯಿಂದ ಬೀಜ ಬಿಟ್ಟರು. ಕೈ ಒಮ್ಮೆಯೂ ತಡವರಿಸಲಿಲ್ಲ.

ಊಟಕ್ಕೆ ಕರೆದರು. ನನ್ನ ಡಬ್ಬಿ, ನನ್ನ ನೀರು ಒಯ್ದಿದ್ದೆ. ಸವಣೂರಿನ ಮನೆಗೆ ಮರಳುವಾಗ ಕತ್ತಲಾಗಿತ್ತು.

೯ ಆಗಸ್ಟ್

ಪಂಚಮಿ. ರಜೆ ಎಂಬುದನ್ನು ಮರೆತು ಗಿಡ ಅಳೆಯಲು ತಿಳವಳ್ಳಿಗೆ ಹೋದೆ. ಬೆಳವಣಿಗೆ ಚೆನ್ನಾಗಿದೆ.

ಗುದ್ಲೆಪ್ಪನವರ ಮಗಳು ಶೈಲಶ್ರೀ ಹಬ್ಬಕ್ಕೆ ಬಂದಿದ್ದಳು. ಅವಳನ್ನು ಹೋದ ವರ್ಷ ಹಿರೇಕೆರೂರು ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ಸುಶೀಲವ್ವ ಅವಳ ಉಡಿ ತುಂಬುತ್ತಿದ್ದರು.

“ಈ ಸಲಾ ಅಕ್ಕಿ ಹಾಕಿದಿ, ಚಲೋ ಆತು,” ಅಂದಳು ಶೈಲಶ್ರೀ. “ಮದವ್ಯಾಗ ಭತ್ತಾ ಹಾಕಿ ಕಳಿಸಿದ್ದೆಲಾ, ನಮ್ಮತ್ತಿ ಏನಂದ್ಲು ಗೊತ್ತೇನು? ‘ಸೊಸಿ ಬೀಜದ ಅಂಗಡಿ ಕಟಗೊಂಡ ಬಂದಾಳ’ ಅಂತ.”

“ನಿಮ್ಮತ್ತಿಗೆ ಹೇಳು, ಅಂಗಡಿ ಉದ್ರಿ ಕೊಡೂದಿಲ್ಲಂತ,” ಅಂದರು ಸುಶೀಲವ್ವ. ನೆರೆದ ಹೆಂಗಸರೆಲ್ಲ ನಕ್ಕರು.

ಆಮೇಲೆ ಅರಿಷಿಣ-ಕುಂಕುಮದ ತಟ್ಟೆ ನನ್ನ ಕಡೆ ತಿರುಗಿ ಅರ್ಧದಲ್ಲಿ ನಿಂತಿತು. ನನ್ನ ಗಂಡ ಶ್ರೀಪಾದ ಹೋಗಿ ಮೂರು ವರ್ಷ. ತಟ್ಟೆ ಹಿಡಿದವರಿಗೆ ಮುಜುಗರವಾಗದ ಹಾಗೆ ನಾನೇ ಮೊದಲು ಎದ್ದುಬಿಡುವುದು ರೂಢಿಯಾಗಿದೆ. ಗಿಡದ ಎತ್ತರ ಬರೆದುಕೊಳ್ಳುವುದಿದೆ ಎಂದು ಹೊಲಕ್ಕೆ ಹೋದೆ. ಆಗಲೇ ಬರೆದಾಗಿತ್ತು. ಇನ್ನೊಮ್ಮೆ ಅಳೆದೆ.

೪ ಅಕ್ಟೋಬರ್

ತಿಳವಳ್ಳಿಯಲ್ಲಿ ಹೂ. ಇಡೀ ಪಟ್ಟಿ ಒಂದೇ ವಾರದಲ್ಲಿ ಬಿಟ್ಟಿದೆ, ಹಿಂದುಮುಂದಿಲ್ಲ. ನುಜಹತಳಿಗೆ ಫೋನಿನಲ್ಲೇ ಹೇಳಿ ಬರೆಸಿದೆ. ಪ್ರಯೋಗಾಲಯದ ಕೆಲಸವೆಲ್ಲ ಅವಳ ಕೈಯಲ್ಲಿದೆ. ಅವಳೂ ಸವಣೂರಿನವಳೇ. ಒಂದೇ ಬಸ್ಸಿಗೆ ಹೋಗುತ್ತೇವೆ, ಹೆಚ್ಚು ಮಾತಿಲ್ಲ.

ಪ್ರಸ್ತಾವದ ಕರಡು ಮುಗಿಯಿತು. ಇಳುವರಿಯ ಅಂಕಿ ತುಂಬುವುದಷ್ಟೇ ಬಾಕಿ.

೧೭ ಅಕ್ಟೋಬರ್

ನಿನ್ನೆ ಗುದ್ಲೆಪ್ಪ ಫೋನು ಮಾಡಿದ್ದರು. “ಬಾಯಾರ, ಪೈರ ಬೆಳ್ಳಗ ಕಾಣಾಕತ್ತೈತ್ರಿ. ನಾಳೆ ಸೀಗಿ ಹುಣ್ಣಿವಿ, ಹೆಂಗೂ ನಾವು ಹೊಲಕ್ಕ ಹೊಂಟೇವಿ. ನೀವೂ ಒಂದ ಸಲಾ ಬಂದ ಬಿಡ್ರಿ.”

ಬೆಳ್ಳಗೆ ಎಂದರೆ ಹಣ್ಣಾಗುತ್ತಿದೆ ಎಂದುಕೊಂಡೆ. ಹಣ್ಣಾಗಲು ಇನ್ನೂ ಹೊತ್ತಿದೆ ಎಂಬುದು ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು.

ಪಟ್ಟಿ ಬಿಳಿಯಾಗಿತ್ತು. ತೆನೆಯ ಕುತ್ತಿಗೆಯಲ್ಲಿ ಕಪ್ಪು ಉಂಗುರ, ಉಗುರು ತಾಗಿಸಿದರೆ ಮುರಿಯುತ್ತದೆ. ಒಂದು ತೆನೆಯೂ ತೂಗುತ್ತಿರಲಿಲ್ಲ. ಕಾಳಿಲ್ಲದ ತೆನೆಗೆ ಬಾಗುವ ಕಾರಣವಿಲ್ಲ. ಬೆಂಕಿ ರೋಗ. ಹೆಚ್-೧೭ರಲ್ಲಿ ಬೆಂಕಿ ರೋಗ. ನಾನು ಬದುವಿನ ಮೇಲೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ಗುದ್ಲೆಪ್ಪ ಬಂದು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. ಅದು ಜಾರಿ ಕೆಳಗೆ ಬೀಳುತ್ತಿತ್ತಂತೆ.

ಬುಟ್ಟಿಯಲ್ಲಿ ಕಡುಬು, ರೊಟ್ಟಿ, ಪುಂಡಿ ಪಲ್ಲೆ, ಎಳ್ಳು ಹೋಳಿಗೆ. ಹೊಡೆ ತುಂಬಿದ ಪೈರನ್ನು ಬಸುರಿ ಎಂದು ಭಾವಿಸಿ ಊಟ ಬಡಿಸುವ ದಿನ ಇದು. ಹೊಲಕ್ಕೆ ಎಡೆ ಎರಚುವ ಚರಗದ ಹೊತ್ತಿಗೆ ಕೂಗುವ ಕೂಗನ್ನು ಗುದ್ಲೆಪ್ಪ ಕೂಗಲಿಲ್ಲ. ಸುಶೀಲವ್ವ ಮಾತ್ರ ಪಟ್ಟಿಯ ಸುತ್ತ ನಡೆದು, ಬಿಳಿ ತೆನೆಗಳ ಮೇಲೆ ಕಲಸಿದ ಅನ್ನವನ್ನು ಚೆಲ್ಲುತ್ತಲೇ ಹೋದರು.

“ಇದಕ್ಕ ಯಾಕ್ರಿ?” ಅಂದೆ. ನನ್ನ ದನಿ ಒರಟಾಗಿತ್ತು.

“ಬಸರಿ ಅಂತ ಬುತ್ತಿ ತಂದೇವ್ರಿ. ಹೊಟ್ಟಿ ಇಳೀತು ಅಂತ ಊಟಾ ಹಾಕದ ಕಳಸ್ತಾರೇನ್ರಿ?”

ಪೂರ್ವದ ಬದುವಿಗೆ ಬಂದಾಗ ಅವರು ನಿಂತರು. ನಾನು ಹೋಗಿ ನೋಡಿದೆ. ಅಲ್ಲಿ ಹಸಿರು ಗಿಡಗಳಿದ್ದವು. ತೆನೆ ತುಂಬಿ ಬಾಗಿದ್ದವು, ಕಾಳು ಇನ್ನೂ ಹಾಲುಗಾಳು. ಬದುವಿನ ಹತ್ತಿರ ದಟ್ಟವಾಗಿ, ಮುಂದೆ ಹೋದಂತೆ ತೆಳುವಾಗಿ, ಪಟ್ಟಿಯ ನಡುವಿಗೆ ಬರುವಷ್ಟರಲ್ಲಿ ಒಂದೂ ಇಲ್ಲ. ಗುರುತಿಗೆಂದು ನಾನು ಒಂದೊಂದಕ್ಕೂ ಕೆಂಪು ಉಲ್ಲನ್ ದಾರ ಕಟ್ಟಿದೆ. ಬಿಳಿಯವುಗಳದ್ದೂ ಹಸಿರಿನವುಗಳದ್ದೂ ಎಲೆ ಕತ್ತರಿಸಿ ಐಸ್ ಡಬ್ಬಿಯಲ್ಲಿಟ್ಟೆ. ರೋಗದ ತೆನೆಗಳನ್ನೂ ಒಂದು ಚೀಲದಲ್ಲಿ ತಂದೆ.

ಹೋಳಿಗೆ ಕೊಟ್ಟರು, ಒಲ್ಲೆ ಎಂದೆ. ನನ್ನ ಡಬ್ಬಿಯೂ ಮುಚ್ಚಿದಂತೆಯೇ ಮರಳಿ ಬಂದಿದೆ.

೧೮ ಅಕ್ಟೋಬರ್

ಫೋನಿನಲ್ಲಿ ತೆಗೆದ ಚಿತ್ರವನ್ನು ಮತ್ತೆ ಮತ್ತೆ ತೆರೆದೆ. ಬಿಳಿ.

೨೧ ಅಕ್ಟೋಬರ್

ರಘುವೀರ ಅವರಿಗೆ ಹೇಳಿದೆ. ಕುರ್ಚಿಯಿಂದ ಎದ್ದು ಕಿಟಕಿಯ ತನಕ ಹೋಗಿ ಬಂದರು.

“ಹಸರ ಇದ್ದಾವ ಅಂದ್ರೆಲ್ಲಾ? ಹಂಗಾದ್ರ ಅವೇ ನಿಮ್ಮ ಹೆಚ್-ಹದಿನೇಳು. ಆ ಕಾಳು ಹಣ್ಣಾದ ಮ್ಯಾಲೆ ತಂದು ಬೆಳಸ್ರಿ. ಉಳದದ್ದು ಗೊಬ್ಬರದ ತಪ್ಪು ಅನ್ರಿ, ಮಳಿ ತಪ್ಪು ಅನ್ರಿ, ಯಾರದರೆ ತಪ್ಪು ಅನ್ರಿ.”

ನನಗೂ ಹಾಗೇ ಅನ್ನಿಸಿತ್ತು. ಕೆಲವು ಗಿಡಗಳಲ್ಲಾದರೂ ಜೀನ್ ತನ್ನ ಕೆಲಸ ಮಾಡಿದೆ. ಯಾಕೆ ಕೆಲವೇ, ಎಂಬುದು ಆಮೇಲಿನ ಮಾತು. ನಾಳೆ ನುಜಹತ ಎಲೆ ಅರೆಯುತ್ತಾಳೆ.

೨೫ ಅಕ್ಟೋಬರ್

ಬೆಳಗ್ಗೆ ನುಜಹತ ಎಲೆಗಳ ಡಿಎನ್‌ಎ ಓಡಿಸಿದ ಜೆಲ್‌ನ ಚಿತ್ರ ಹಿಡಿದು ಬಂದು ಮೇಜಿನ ಮೇಲಿಟ್ಟಳು. ಕೂರಲಿಲ್ಲ.

“ಮೇಡಂ, ಬಿಳೇವು ಎಲ್ಲಾದರಾಗೂ ಜೀನ್ ಐತ್ರಿ. ಹಸರನ್ಯಾವು ಒಂದರಾಗೂ ಇಲ್ರಿ.”

“ನಳಿಗಿ ಅದಲುಬದಲು ಮಾಡೀದಿ.”

“ಇಲ್ರಿ ಮೇಡಂ.”

“ಮಾಡೀದಿ. ಇಷ್ಟು ವರ್ಷ ಆದ ಮ್ಯಾಲೂ ನಿನಗ ಹೆಸರು ಬರದು ಅಂಟಸ್ಲಿಕ್ಕೆ ಬರೂದಿಲ್ಲೇನು?”

ಆ ಕೋಣೆಯಲ್ಲಿ ನಾನು ದನಿ ಏರಿಸಿದ್ದು ಇದೇ ಮೊದಲು. ಅವಳು ಕೈಗವಸು ಕಳಚಿ ನನ್ನ ಮುಂದಿಟ್ಟಳು. ನಾನೇ ತೊಟ್ಟುಕೊಂಡೆ. ಎಲೆ ನಾನೇ ಅರೆದೆ, ನಳಿಗೆಗಳಿಗೆ ನಾನೇ ಹೆಸರು ಬರೆದೆ, ಜೆಲ್ ನಾನೇ ಓಡಿಸಿದೆ. ಸಂಜೆ ದೀಪದ ಪೆಟ್ಟಿಗೆಯ ಮೇಲಿಟ್ಟಾಗ ಬಿಳಿ ಗಿಡಗಳ ಎದುರು ಜೀನಿನ ಪಟ್ಟೆ ಹೊಳೆಯುತ್ತಿತ್ತು. ಹಸಿರು ಗಿಡಗಳ ಎದುರು ಖಾಲಿ.

ನನ್ನ ಜೀನ್ ಇದ್ದ ಗಿಡ ಸತ್ತಿದೆ. ಇಲ್ಲದ ಗಿಡ ಬದುಕಿದೆ. ವಾಕ್ಯವನ್ನು ಮತ್ತೊಮ್ಮೆ ಓದಿದೆ. ತಿದ್ದುವಂಥದ್ದೇನೂ ಇಲ್ಲ.

ತಿಳವಳ್ಳಿಯ ತೆನೆಯಿಂದ ತೆಗೆದ ಶಿಲೀಂಧ್ರವನ್ನೂ ನೋಡಿದೆ. ನಾನು ಗಾಜಿನ ಮನೆಯಲ್ಲಿ ಸಿಂಪಡಿಸುತ್ತಿದ್ದದ್ದು ಕೆಲಸ ಶುರು ಮಾಡಿದ ವರ್ಷ ಫ್ರೀಜರಿನಲ್ಲಿ ಇಟ್ಟದ್ದು. ಹೊಲದಲ್ಲಿರುವುದು ಅದಲ್ಲ. ಅದು ಬದಲಾಗುತ್ತ ಎಲ್ಲಿಗೋ ಹೋಗಿದೆ. ಇಷ್ಟು ವರ್ಷ ನಾನು ಹೋರಾಡಿದ್ದು ನನ್ನ ಫ್ರೀಜರಿನ ಜೊತೆ.

ಹಸಿರು ಗಿಡಗಳು ಹೆಚ್-೧೭ ಅಲ್ಲವೇ ಅಲ್ಲ. ಎಲ್ಲಿಂದಲೋ ಬಂದು ಸೇರಿದ ಕಲಬೆರಕೆ. ಬೇಗ ಹೂ ಬಿಟ್ಟು ರೋಗದ ಹೊತ್ತು ತಪ್ಪಿಸಿಕೊಂಡಿರಬೇಕು. ಇಂಥವನ್ನು ಪ್ರತಿ ಹೊಲದಲ್ಲೂ ನೋಡಿದ್ದೇನೆ. ಬಿಡುಗಡೆಯಾಗದ ತಳಿ ಸೋತರೆ ಪಟ್ಟಿ ಸುಡಬೇಕು ಎಂಬುದು ನಮ್ಮ ಕೇಂದ್ರದ ನಿಯಮ. ಗುದ್ಲೆಪ್ಪನವರಿಗೆ ಫೋನು ಮಾಡಿದೆ.

“ಕೊಯ್ದು ಪೂರಾ ಸುಟ್ಟು ಬಿಡ್ರಿ.”

“ಕೆಂಪ ದಾರದ್ದೂ ಏನ್ರಿ?”

“ಅವೂ. ಅವು ಕಲಬೆರಕೆ ಅವ.”

“ಆತ್ರಿ” ಅಂದರು.

೩೦ ಅಕ್ಟೋಬರ್

ನುಜಹತ ರಜೆ ಮುಗಿಸಿ ಬಂದಳು. ನಾನು ಕ್ಷಮೆ ಕೇಳಿದೆ.

“ಇರ್ಲಿ ಬಿಡ್ರಿ ಮೇಡಂ. ನಾನೂ ಮನ್ಯಾಗ ಕುಂತ ನಿಮಗ ಭರ್ಪೂರ ಬೈದೇನಿ. ಚುಕ್ತಾ ಆತು.” ಆಮೇಲೆ, “ಒಂದ ಮಾತ ಕೇಳ್ಲೇನ್ರಿ? ಅವು ಕಲಬೆರಕೆ, ಖರೆ. ಆದ್ರ ಬೆಂಕಿ ಯಾಕ ಹತ್ತಲಿಲ್ಲ?”

“ಬೇಗ ಹೂ ಬಿಟ್ಟು ತಪ್ಪಿಸಿಕೊಂಡಾವ.”

“ಇಡೀ ಪಟ್ಟಿ ಒಂದಽ ವಾರದಾಗ ಹೂ ಬಿಟ್ಟೈತಿ ಅಂತ ನೀವಽ ಬರಸೀರಲ್ರಿ. ಹಿಂದುಮುಂದಿಲ್ಲ ಅಂತ.”

ಹೌದು. ನಾನೇ ಬರೆಸಿದ್ದೆ.

ಅಂದರೆ ಅದೇ ವಾರ ಹೂ ಬಿಟ್ಟು, ಅದೇ ಮಳೆಯಲ್ಲಿ ನಿಂತು, ಸಾಯುತ್ತಿದ್ದ ಗಿಡಗಳ ಎಲೆಗೆ ಎಲೆ ತಾಗಿಸಿಕೊಂಡು ಅವು ಬದುಕಿದ್ದವು. ಅವು ತಪ್ಪಿಸಿಕೊಂಡಿರಲಿಲ್ಲ. ತಡೆದುಕೊಂಡಿದ್ದವು. ನನ್ನ ಹನ್ನೆರಡು ವರ್ಷದಿಂದ ಆಗದ್ದು ಆ ಬದುವಿನ ಪಕ್ಕದಲ್ಲಿ ಆಗಿತ್ತು, ನಾನು ಅದಕ್ಕೆ ದಾರ ಕಟ್ಟಿ ಬಂದಿದ್ದೆ.

ಗುದ್ಲೆಪ್ಪನವರ ಫೋನು ಹತ್ತಲಿಲ್ಲ. ಮಧ್ಯಾಹ್ನದವರೆಗೂ ಹತ್ತಲಿಲ್ಲ. ಕಡೆಗೆ ಸುಶೀಲವ್ವ ಎತ್ತಿದರು.

“ನಿನ್ನೇನಽ ಸುಟ್ವಿರಿ ಬಾಯಾರ. ಹಸರ ತೆನಿ ನೋಡಿ ಇವರಿಗೆ ಮನಸಾಗಲಿಲ್ಲ. ನಾನಽ ಅಂದೆ, ಬಾಯಾರ ಹೇಳ್ಯಾರಂದ್ರ ಸುಮ್ನ ಹೇಳೂದಿಲ್ಲ ಅಂತ.”

೩೧ ಅಕ್ಟೋಬರ್

ಬೂದಿ. ಬೂದಿಯೊಳಗೆ ಅಲ್ಲಲ್ಲಿ ಸುಟ್ಟು ಗಂಟಾದ ಉಲ್ಲನ್ ದಾರ. ಪೂರ್ವದ ಬದುವಿನ ಹತ್ತಿರ ಕೂತು ಬೆರಳಿನಿಂದ ಕೆದಕಿದೆ. ಕಾಳು ಹಾಲುಗಾಳಾಗಿತ್ತು. ಕೊಯ್ದ ಮೇಲೆ ಸುಡದೆ ಉಳಿದ ಕಾಳಿದ್ದರೂ ಮೊಳೆಯುತ್ತಿರಲಿಲ್ಲ. ಸ್ವಲ್ಪ ದಿನ ಕಾದಿದ್ದರೆ ಹಣ್ಣಾಗುತ್ತಿತ್ತು.

“ಬೀಜದ ಚೀಲದ ಮೊಹರು ನಾನೇ ಒಡದೀನಿ,” ಅಂದೆ. “ಅದರಾಗ ಬ್ಯಾರೆ ಭತ್ತ ಹ್ಯಾಂಗ ಬಂತ್ರಿ?”

ಸುಶೀಲವ್ವ ನನ್ನ ಎದುರು ಬದುವಿನ ಮೇಲೆ ಕುಳಿತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಚೀಲದಾಗಲ್ರಿ. ಬಟ್ಟಲದಾಗ.”

ನನಗೆ ತಿಳಿಯಲಿಲ್ಲ.

“ಹೊಸ ಬೀಜಾ ಒಂದಽ ಹೋಗಬಾರದ್ರಿ. ಮನಿದು ಒಂದ ಹಿಡಿ ಕೂರಗಿ ಬಟ್ಟಲದಾಗ ಮೊದಲು ಬಿಡ್ತೇವಿ, ಆಮ್ಯಾಲೆ ಹೊಸಾದು. ಹೊಸ ಸೊಸಿ ಜೋಡಿ ಮನಿ ಹುಡುಗಿ ಕುಂದರಸ್ತಾರಲ್ರಿ, ಹಂಗ. ನೀವು ಫೋನಿನ್ಯಾಗ ಇದ್ರಿ.” ಬೂದಿಯ ಕಡೆ ಕೈ ಮಾಡಿ, “ಮತ್ತ ಈ ಪಟ್ಟಿ ಅದರದಽ ರಿ. ವರ್ಷಾ ಇಲ್ಲೇ ಬಿತ್ತತಿದ್ವಿ. ಅದರ ಜಾಗಾ ನಿಮಗ ಕೊಟ್ಟು ಅದನ್ನ ಪೂರಾ ಹೊರಗ ಹ್ಯಾಂಗ ಹಾಕ್ಲಿ?”

ಮೊದಲು ಬಿಟ್ಟ ಹಿಡಿ. ಅದಕ್ಕೇ ಬದುವಿನ ಹತ್ತಿರ ದಟ್ಟ, ನಡುವಿಗೆ ಬರುವಷ್ಟರಲ್ಲಿ ಖಾಲಿ. ನಾನು ಅದನ್ನು ಕಣ್ಣಾರೆ ಕಂಡು, ಅಚ್ಚುಕಟ್ಟಾಗಿ ಬರೆದುಕೊಂಡು, ಏನೂ ತಿಳಿದುಕೊಂಡಿರಲಿಲ್ಲ.

“ಯಾವ ಭತ್ತ ಅದು?”

“ಹೆಸರೇನಿಲ್ರಿ. ಅತ್ತೀದು ಅಂತೇವಿ. ನಮ್ಮತ್ತಿ ತವರಿಂದ ತಂದದ್ದು. ಎತ್ತರಾ ಬೆಳದು ಬಾಗತೈತಿ, ಇಳುವರಿ ಕಮ್ಮಿ. ಹಂಗಂತ ಈ ಪಟ್ಟ್ಯಾಗಷ್ಟ ಇಟಗೊಂಡಿದ್ವಿ.”

“ನಮ್ಮವ್ವಗ ಯಾ ಬೆಂಕಿನೂ ಹತ್ತತಿರಲಿಲ್ರ್ಯವ್ವ,” ಅಂದರು ಗುದ್ಲೆಪ್ಪ. “ಆಕಿನಽ ಮಂದಿಗೆ ಹಚ್ಚತಿದ್ಲು.”

ಸುಶೀಲವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. ನಾನೂ ನಕ್ಕೆ. ಬೂದಿಯ ನಡುವೆ ಕೂತು ಮೂವರೂ ನಕ್ಕೆವು. ಆಮೇಲೆ ಕೇಳಿದೆ: “ಇನ್ನ ಎಷ್ಟು ಉಳದದ?”

“ಇಲ್ರಿ. ಹ್ವಾದ ವರ್ಷ ಮಳಿ ಆಗಲಿಲ್ಲ, ಪಟ್ಟಿ ಒಣಗಿತು. ಗಡಿಗ್ಯಾಗ ಉಳದದ್ದು ಅದಽ ಒಂದ ಹಿಡಿ ಇತ್ತು. ನಿಮ್ಮ ಬೀಜಾ ಕೆಡಿಸಿದ್ನೇನ್ರಿ ನಾನು? ನಿಮ್ಮ ನೌಕರಿಗೇನರೆ ಆಗತೈತೇನ್ರಿ?”

ಅವರು ಅಂಜುತ್ತಿದ್ದದ್ದು ಅದಕ್ಕೆ. ನಾನು ಅವರ ಕೈ ಹಿಡಿದುಕೊಂಡಿದ್ದೆ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ. ನೌಕರಿಗೆ ಏನೂ ಆಗುವುದಿಲ್ಲ ಎಂದಷ್ಟೇ ಹೇಳಿದೆ; ಕೆಡಿಸಿದವಳು ನಾನು.

ನನ್ನ ಫ್ರೀಜರಿನಲ್ಲಿ ಆ ಗಿಡಗಳ ಎಲೆಯ ಪುಡಿ ಇದೆ. ಅದರ ಡಿಎನ್‌ಎಯ ಒಂದೊಂದು ಅಕ್ಷರವನ್ನೂ ನಾನು ಓದಬಲ್ಲೆ. ಬಿತ್ತಲು ಒಂದು ಕಾಳಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರ ಮನೆಯಲ್ಲಿ ರೊಟ್ಟಿ ತಿಂದೆವು. ಬದನೆಕಾಯಿ ಎಣಗಾಯಿ ಖಾರವಾಗಿತ್ತು.

೧ ನವೆಂಬರ್

ನಿನ್ನೆ ಬರೆದು ಮುಗಿಸಿದ ಮೇಲೂ ಏನೋ ಉಳಿದಂತಿತ್ತು. ಈ ಬೆಳಗ್ಗೆ ನೀರು ಕಾಯಿಸುತ್ತಿದ್ದಾಗ ಹೊಳೆಯಿತು. ಪಂಚಮಿಯ ದಿನ ಶೈಲಶ್ರೀ ಅಂದ ಮಾತು. ಬೀಜದ ಅಂಗಡಿ.

ಒಲೆ ಆರಿಸಿ ಫೋನು ಮಾಡಿದೆ. “ಸುಶೀಲವ್ವಾರ, ಶೈಲಾನ ಮದವಿ ಒಳಗ ಉಡ್ಯಾಗ ಯಾವ ಭತ್ತ ಹಾಕಿದ್ರಿ?”

ಆ ಕಡೆ ಏನೋ ಪಾತ್ರೆ ಕೆಳಗೆ ಬಿದ್ದ ಸದ್ದು.

“ಯವ್ವಾ! ಅತ್ತೀದಽ ಹಾಕೇನ್ರಿ! ಮತ್ತ್ಯಾವದು ಹಾಕ್ಲಿ?”

ಸೊಸೆಯ ಉಡಿಯಲ್ಲಿ ಬಂದ ಕಾಳನ್ನು ಉಣ್ಣುವುದಿಲ್ಲವಂತೆ. ಆ ಮನೆಯ ಬೀಜದ ಗಡಿಗೆಗೆ ಸುರಿಯುತ್ತಾರಂತೆ. ಈ ಮುಂಗಾರಿನಲ್ಲಿ ಅದು ಅವರ ಬೀಜದ ಜೊತೆಗೇ ಹೊಲಕ್ಕೆ ಬಿದ್ದಿದೆ. ಪೈರು ಇನ್ನೂ ನಿಂತಿದೆ. ಸುಗ್ಗಿಯಾಗಿ ರಾಶಿ ಪೂಜೆ ಆಗುವವರೆಗೆ ಮನೆಯ ಕಾಳು ಹೊರಗೆ ಕೊಡುವುದಿಲ್ಲ, ಕಾಯಬೇಕು ಎಂದು ಆಮೇಲೆ ಫೋನಿನಲ್ಲಿ ಶೈಲಶ್ರೀ ಹೇಳಿದಳು. ಕಾಯುತ್ತೇನೆ ಎಂದೆ. ಹಿಂದಿನ ವಾರ ಕಾದಿದ್ದರೆ ಈಗ ಕಾಯುವುದು ಬೇಕಿರಲಿಲ್ಲ.

೧೪ ನವೆಂಬರ್

ರಘುವೀರ ಅವರು: “ತಿಳವಳ್ಳಿ ಬಿಟ್ಟುಬಿಡ್ರಿ. ಶಿಗ್ಗಾವಿ ಪ್ಲಾಟು ಚಲೋ ಬಂದದಲ್ಲ, ಅದರ ಮ್ಯಾಲೇ ಪ್ರಸ್ತಾವ ಹೋಗ್ಲಿ.”

“ಶಿಗ್ಗಾವಿಗೆ ರೋಗಾನೇ ಬಂದಿಲ್ರಿ ಸರ್.”

“ಬಂದಿಲ್ಲ ಅಂತ ಯಾರರೆ ಕೇಳ್ತಾರೇನು? ಹನ್ನೆರಡು ವರ್ಷದ ಕೆಲಸ ವೃಂದಾ ಅವರ. ನಿಮ್ಮ ಹೆಸರು ಅದರ ಮ್ಯಾಲೆ ಇರ್ತದ.”

“ಅದಕ್ಕೇ ರಿ.”

ಪ್ರಸ್ತಾವ ಹಿಂತೆಗೆದುಕೊಂಡೆ. ಕೆಳಗೆ ಬಂದು ಕೂತೆ. ನುಜಹತ ತನ್ನ ಡಬ್ಬಿ ತೆರೆದು ನನ್ನ ಕಡೆ ಸರಿಸಿದಳು. ಚೆನ್ನಾಗಿತ್ತು. ಏನು ಎಂದು ಕೇಳಲು ಮರೆತೆ.

೨೮ ನವೆಂಬರ್

ಹಿರೇಕೆರೂರಿನ ತನಕ ಬಸ್ಸು, ಮುಂದೆ ಟಂಟಂ ಗಾಡಿ. ತಿಳವಳ್ಳಿಯಿಂದ ಸುಶೀಲವ್ವ ಜೊತೆಗೆ ಬಂದರು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅವರು ಕರ್ಚಿಕಾಯಿ ತಂದಿದ್ದರು, ನಾನು ಸವಣೂರಿನ ವೀಳ್ಯದೆಲೆಯ ಕಟ್ಟು.

ಶೈಲಶ್ರೀಯ ಅತ್ತೆ ಸಿದ್ದವ್ವ ಪಡಸಾಲೆಯಲ್ಲಿ ರಾಶಿಯ ಪಕ್ಕದಲ್ಲೇ ಕೂತಿದ್ದರು. ಹಣೆಯ ಮೇಲೆ ವಿಭೂತಿ ಮಾತ್ರ. ಕಾಲ ಮುಂದೆ ಭತ್ತ ಮಂಡಿಯೆತ್ತರಕ್ಕೆ.

“ಇದರಾಗ ಐತಿ ನೋಡವ್ವಾ ನಿನ್ನ ಭತ್ತ,” ಅಂದರು. “ಯಾವದು ಅಂತ ನನ್ನ ಕೇಳಬ್ಯಾಡ. ಹೊಲದಾಗ ಅಲ್ಲೊಂದು ಇಲ್ಲೊಂದು ಎತ್ತರಾ ನಿಂತಿದ್ವು. ಕೊಯ್ದ ಮ್ಯಾಲೆ ಎಲ್ಲಾ ಒಂದಽ.”

“ನನಗ ಗೊತ್ತಾಗ್ತದರಿ,” ಅಂದೆ. “ಸಸಿ ಮಾಡಿ ಎಲಿ ನೋಡಿ ಹುಡುಕ್ತೀನಿ.”

“ಇಷ್ಟ ರಾಶ್ಯಾಗ?”

“ಅದೇ ನನ್ನ ಕೆಲಸಾರಿ.”

“ಹೌದಾ? ಹಂಗಾರ ನಮ್ಮ ಸೊಸಿ ಕಳಕೊಂಡ ಕಿವಿ ಬೆಂಡೋಲಿನೂ ಒಂದೀಟ ಹುಡಕಿ ಕೊಡು.”

ಶೈಲಶ್ರೀ ಒಳಗಿನಿಂದ “ಅತ್ತೀ!” ಎಂದು ಕೂಗಿದಳು.

ಬ್ಯಾಗಿನಿಂದ ಮಾದರಿಯ ಚೀಲ ತೆಗೆಯಹೋದೆ. ಸಿದ್ದವ್ವ ಮೊರದಲ್ಲಿ ಭತ್ತ ತುಂಬಿಕೊಂಡು ಮೊಣಕಾಲ ಮೇಲೆ ನಿಂತಿದ್ದರು.

“ಚೀಲದಾಗ ಕೊಡಂಗಿಲ್ಲ. ಹೆಣ್ಣಮಗಳ ಉಡ್ಯಾಗ ಬಂದದ್ದು, ಉಡ್ಯಾಗಽ ಹೋಗಬೇಕು. ಕುಂದರು.”

ನಾನು ಎದ್ದೆ. ಎದ್ದುಬಿಡುವುದು ರೂಢಿಯಾಗಿದೆ. “ನನಗ ಉಡಿ ತುಂಬಂಗಿಲ್ರಿ. ನಮ್ಮ ಮನಿಯವರು ಇಲ್ಲ.”

“ನಮ್ಮ ಮನಿಯವರೂ ಇಲ್ಲ. ಹಂಗಂತ ಬಿತ್ತೂದು ಬಿಟ್ಟೇನೇನು?” ಅಂದರು ಸಿದ್ದವ್ವ. “ಒಡ್ಡ ಯವ್ವಾ, ಮರಾ ಹಿಡದ ಕೈ ನೋಯಾಕತ್ತಾವ.”

ಸುಶೀಲವ್ವ ನನ್ನ ತೋಳು ಹಿಡಿದು ಕೂರಿಸಿದರು. ಹೆಗಲ ಮೇಲಿನ ಓಡನಿ ಒಡ್ಡಿದೆ. ಐದು ಸಲ ಬಿತ್ತು. ಭಾರ ಇಷ್ಟಿರುತ್ತದೆ ಎಂಬುದು ಮರೆತುಹೋಗಿತ್ತು.

ಬಸ್ಸಿನಲ್ಲಿ ಸವಣೂರಿನವರೆಗೂ ಗಂಟು ಬಿಚ್ಚಲಿಲ್ಲ. ಚೀಲಗಳು ಬ್ಯಾಗಿನಲ್ಲೇ ಇದ್ದವು.

೩ ಡಿಸೆಂಬರ್

ತಟ್ಟೆಗಳಲ್ಲಿ ಬಿತ್ತಿದೆವು. ನುಜಹತ ಪ್ರತಿ ತಟ್ಟೆಯ ಮೇಲೂ ‘ಅತ್ತಿ’ ಎಂದು ಬರೆದಳು. ಸಂಖ್ಯೆ ಕೊಡು ಎನ್ನಬೇಕೆಂದಿದ್ದೆ. ಇರಲಿ.

೨೦ ಜನವರಿ ೨೦೨೫

ತಿಳವಳ್ಳಿಯ ಶಿಲೀಂಧ್ರವನ್ನು ಸಸಿಗಳ ಮೇಲೆ ಸಿಂಪಡಿಸಿ ಕಾದಿದ್ದೆವು. ತಟ್ಟೆಗಳೆಲ್ಲ ಸುಟ್ಟಂತೆ ಒಣಗಿವೆ. ಮೊದಲ ಸಾಲಿನಲ್ಲಿ ನೋಡಿದೆ, ಎರಡನೆಯದರಲ್ಲಿ ನೋಡಿದೆ, ಏನೂ ಇಲ್ಲ. ಬೆನ್ನು ತಿರುಗಿಸಿದ್ದೆ.

“ಮೇಡಂ, ಇಲ್ಲಿ ಬರ್ರಿ,” ಎಂದಳು ನುಜಹತ.

ಕಿಟಕಿಯ ಪಕ್ಕದ ತಟ್ಟೆಯ ಮೂಲೆಯಲ್ಲಿ ಒಂದು ಸಸಿ. ಎಲೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಅದರಾಚೆಯ ತಟ್ಟೆಯಲ್ಲಿ ಇನ್ನೂ ಕೆಲವು. ನಾನು ಉಸಿರು ಬಿಡಲು ಹೆದರಿದೆ, ಸಸಿಗೆ ತಾಗೀತೆಂದು.

ಎಲೆ ಅರೆದು, ಫ್ರೀಜರಿನಲ್ಲಿದ್ದ ಪುಡಿಯ ಪಕ್ಕದಲ್ಲಿ ಜೆಲ್ ಓಡಿಸಿದೆವು. ನಳಿಗೆ ಹಿಡಿದವಳು ನುಜಹತ, ನಾನು ಪಕ್ಕದಲ್ಲಿ ನಿಂತಿದ್ದೆ. ಸುಟ್ಟುಹೋದ ಗಿಡದ ಪಟ್ಟೆಗಳ ಪಕ್ಕದಲ್ಲಿ ಈ ಸಸಿಯ ಪಟ್ಟೆಗಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವಳು “ಯಾ ಅಲ್ಲಾ” ಅಂದಳು. ನಾನೂ ಏನೋ ಅಂದೆ.

ಸುಶೀಲವ್ವನಿಗೆ ಫೋನು ಮಾಡಿದೆ.

“ಸಿಕ್ಕಳೇನ್ರಿ?”

“ಸಿಕ್ಕಾಳ್ರಿ.”

ಆ ಕಡೆ ಗುದ್ಲೆಪ್ಪನವರನ್ನು ಕೂಗಿ ಹೇಳಿದ್ದು ಕೇಳಿಸಿತು: “ನಿಮ್ಮವ್ವ ಸತ್ತಿಲ್ಲಂತ ನೋಡ್ರಿ!” ಅವರು ಏನೋ ಅಂದರು. “ನನಗ ಮೊದಲಽ ಗೊತ್ತಿತ್ತು ಅಂತಾರ ನೋಡ್ರಿ ಇವರು,” ಅಂದರು ಸುಶೀಲವ್ವ.

ಈ ಸಸಿಗಳ ಬೀಜ ಜೂನಿಗೆ ಸಿಗುತ್ತದೆ, ಬಾವಿಯ ಪಕ್ಕದ ಅದೇ ಪಟ್ಟಿಗೆ ತರುತ್ತೇನೆ, ಈ ಸಲ ಆ ಪಟ್ಟಿ ಅದರದೇ ಎಂದು ಹೇಳಿದೆ.

“ತರ್ರಿ ಅಕ್ಕಾರ. ಆದ್ರ ಒಬ್ಬಾಕಿನಽ ಕಳಸಬ್ಯಾಡ್ರಿ. ನಮ್ಮ ಗಡಿಗ್ಯಂತೂ ಖಾಲಿ. ನಿಮ್ಮ ಮನಿದು ಏನರೆ ಜೋಡಿ ಕಳಸ್ರಿ.”

ನನ್ನ ಮನೆಯದು. ಸವಣೂರಿನ ಮನೆಯಲ್ಲಿ ಬೀಜವೆಂಬುದು ಎಂದೂ ಇದ್ದದ್ದಿಲ್ಲ, ಪೋಥಿ-ಪುಸ್ತಕಗಳಿದ್ದವು. ಸ್ವಲ್ಪ ಯೋಚಿಸಿದ ಮೇಲೆ, ಕೇಂದ್ರದ ಶೀತಲ ಕೋಣೆಯಲ್ಲಿ ಉಳಿದ ಇನ್ನೊಂದು ಚೀಲ ನೆನಪಾಯಿತು.

“ಹೆಚ್-ಹದಿನೇಳು ಬರ್ತದರಿ ಜೋಡಿ. ಬಟ್ಟಲದಾಗ ಬ್ಯಾಡ, ಪಕ್ಕದಾಗ ಬ್ಯಾರೆ ಸಾಲು.”

“ಅದು ಸುಡತೈತೆಲ್ರಿ?”

“ಸುಡಬೇಕ್ರಿ. ಪಕ್ಕದಾಗ ಒಂದು ಸಾಲು ಸುಟ್ರನ ರೋಗ ಬಂದಿತ್ತು ಅಂತ ಗೊತ್ತಾಗೋದು. ಬಂದ್ರೂ ಇದು ಸುಡಲಿಲ್ಲ ಅಂತ ಗೊತ್ತಾಗೋದು. ಅಂಥಾದೊಂದು ಸಾಲು ಎಲ್ಲಾ ಪ್ರಯೋಗಕ್ಕೂ ಬೇಕಾಗ್ತದ.”

ಸುಶೀಲವ್ವ ಯೋಚಿಸಿದರು.

“ಹಂಗಾರ ಸೀಗಿ ಹುಣ್ಣಿವಿಗೆ ಅದಕ್ಕೂ ಒಂದ ತುತ್ತು ಹೆಚ್ಚಿಗಿ ಹಾಕೂಣಂತ್ರಿ.”

ಫೋನಿಟ್ಟ ಮೇಲೆ ಶೀತಲ ಕೋಣೆಗೆ ಹೋಗಿ ಹೆಚ್-೧೭ರ ಚೀಲವನ್ನು ಹುಡುಕಿ, ಮುಂದಿನ ಸಾಲಿಗೆ ತಂದಿಟ್ಟೆ. ಮೊಹರು ಹಾಗೇ ಇದೆ. ಅದನ್ನು ಈ ಸಲ ಸುಶೀಲವ್ವ ಒಡೆಯಲಿ.